ಗೋವಾಕ್ಕೆ ಗುಳೆ ಹೋದವರ ಮಕ್ಕಳ ಓದು: ಮಾಪ್ಸಾದ ಮ್ಯಾಂಗೊ ಹೌಸ್ ಮತ್ತು ಸ್ವಯಂಸೇವಕರ ಕೆಲಸ

ಮಾಪ್ಸಾ ಎಂದೊಡನೆ ಗಡಿ ಭಾಗದ ಜನರಿಗೆ ನೆನಪಾಗುವುದು ಅಲ್ಲಿನ ಶುಕ್ರವಾರದ ಸಂತೆ. ಉತ್ತರ ಗೋವಾದ ಬಾರ್ದೇಶ್ ತಾಲೂಕಿನ ಈ ಪಟ್ಟಣದಿಂದ ಕಲಂಗುಟ್, ಬಾಗಾ, ಅಂಜುನಾ ಕಡಲತೀರಗಳು ಹೆಚ್ಚು ದೂರವಿಲ್ಲ. ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಕೊಂಕಣಿ, ಮರಾಠಿ, ಹಿಂದಿಯ ನಡುವೆ ಬಾಗಲಕೋಟೆ, ವಿಜಯಪುರ ಸೀಮೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಮೂಟೆ ಹೊರುವವರು, ಗೌಂಡಿಗಳು, ಗಾರೆ ಕೆಲಸದ ಹೆಂಗಸರು, ಮಣಿಸರ ಮಾರುವ ಲಂಬಾಣಿ ಮಹಿಳೆಯರು, ಅವರ ಸೆರಗು ಹಿಡಿದ ಮಕ್ಕಳು. ಇದೇ ಪಟ್ಟಣದ ಅಂಚಿನ ಕರಾಸವಾಡದಲ್ಲಿ ‘ಮ್ಯಾಂಗೊ ಹೌಸ್’ ಎಂಬ ಮಕ್ಕಳ ಕೇಂದ್ರ ಕೆಲಸ ಶುರುಮಾಡಿತು. ಅದನ್ನು ನಡೆಸಿದ್ದು ‘ಚಿಲ್ಡ್ರನ್ ವಾಕಿಂಗ್ ಟಾಲ್’, ಅಂದರೆ ತಲೆಯೆತ್ತಿ ನಡೆಯುವ ಮಕ್ಕಳು, ಎಂಬ ಸ್ವಯಂಸೇವಾ ಸಂಸ್ಥೆ.

ಬ್ರಿಟನ್ನಿನ ರಾಬ್ ಲಯನ್ 2004ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ಗೋವಾದಲ್ಲಿ ಇಂಥ ಪ್ರಯತ್ನ ಇದೊಂದೇ ಅಲ್ಲ. ಬ್ರಿಟನ್ನಿನಿಂದ ರಜೆಗೆಂದು ಬಂದ ಅನಿತಾ ಎಡ್ಗರ್ ಅವರು ಮ್ಯಾಥ್ಯೂ ಕುರಿಯನ್ ಅವರೊಡನೆ ಸೇರಿ 1990ರ ದಶಕದ ಕೊನೆಯಲ್ಲಿ ಸ್ಥಾಪಿಸಿದ ಎಲ್ ಶದ್ದಾಯಿ ಟ್ರಸ್ಟ್ ಅಸ್ಸಗಾಂವ್ ಸುತ್ತಮುತ್ತ ಮಕ್ಕಳ ವಸತಿ ಗೃಹಗಳನ್ನು ನಡೆಸಿತು. ಮಡಗಾಂವದಲ್ಲಿ ಜನ್ ಉಗಾಹಿ ಬೀದಿ ಮಕ್ಕಳ ನಡುವೆ ಕೆಲಸ ಮಾಡಿತು. ವಾಸ್ಕೊದ ಬೈನಾದಲ್ಲಿ ಅರುಣ್ ಪಾಂಡೆ ಅವರು 1997ರಲ್ಲಿ ಆರಂಭಿಸಿದ ಅರ್ಜ್ (ಅನ್ಯಾಯ ರಹಿತ ಜಿಂದಗಿ) ಸಂಸ್ಥೆ ಲೈಂಗಿಕ ಶೋಷಣೆಗೆ ಸಿಲುಕಿದ ಹೆಣ್ಣುಮಕ್ಕಳ ಪರ ನಿಂತಿತು. ಒಂದೊಂದರ ದಾರಿ ಒಂದೊಂದು. ಆದರೆ ಇವುಗಳ ಕೆಲಸದ ವ್ಯಾಪ್ತಿಯಲ್ಲಿ ಎಲ್ಲೆಡೆ ಕಾಣುವ ಒಂದು ಗುಂಪು ಇದೆ: ಘಟ್ಟ ಇಳಿದು ಹೋದ ಕನ್ನಡಿಗ ಕೂಲಿಕಾರರ ಮಕ್ಕಳು.

ಯಾರ ಮಕ್ಕಳಿವರು?

2001ರ ಜನಗಣತಿಯಂತೆ ಗೋವಾದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಶೇಕಡಾ ಐದೂವರೆಯಷ್ಟಿದ್ದರು. 2011ರಲ್ಲಿ ಈ ಪ್ರಮಾಣ ಸುಮಾರು ಶೇಕಡಾ 4.7ಕ್ಕೆ ಇಳಿಯಿತು, ಆಗಿನ ಒಟ್ಟು ಜನಸಂಖ್ಯೆ 14.58 ಲಕ್ಷ. ಅಂದರೆ 68 ಸಾವಿರದ ಹತ್ತಿರ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ, ಊರಲ್ಲಿ ಕನ್ನಡ ಆಡುವ ಕುಟುಂಬಗಳು ಈ ಲೆಕ್ಕದ ಹೊರಗೆ ಉಳಿಯುತ್ತವೆ.

1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಕೊನೆಗೊಂಡ ಮೇಲೆ ಗೋವಾದಲ್ಲಿ ರಸ್ತೆ, ಬಂದರು, ಗಣಿ, ಕಾರ್ಖಾನೆಗಳ ಕೆಲಸ ಹೆಚ್ಚಿತು. ಸ್ಥಳೀಯರಲ್ಲಿ ಅನೇಕರು ಕೊಲ್ಲಿ ರಾಷ್ಟ್ರಗಳ ಕಡೆಗೆ, ಹಡಗಿನ ಕೆಲಸದ ಕಡೆಗೆ ಹೊರಟಾಗ ಕಲ್ಲು ಹೊರುವ, ಮಣ್ಣು ತೋಡುವ ಕೆಲಸಕ್ಕೆ ಉತ್ತರ ಕರ್ನಾಟಕದ ಜನ ಬಂದರು. ಹುಬ್ಬಳ್ಳಿ, ಲೋಂಡಾ ಮೂಲಕ ವಾಸ್ಕೊಗೆ ಇಳಿಯುವ ರೈಲು ದಾರಿ ಅವರಿಗೆ ಅನುಕೂಲವಾಯಿತು. ಜುವಾರಿನಗರ, ಬೈನಾ, ಮಡಗಾಂವದ ಮೋತಿ ಡೋಂಗರ್, ಮಾಪ್ಸಾದ ಅಂಚಿನ ಜೋಪಡಿಗಳಲ್ಲಿ ಒಂದೊಂದು ಜಿಲ್ಲೆಯ, ಕೆಲವೊಮ್ಮೆ ಒಂದೊಂದು ಊರಿನ ಓಣಿಗಳೇ ಬೆಳೆದವು. ಪ್ರವಾಸೋದ್ಯಮ ಬೆಳೆದ ಮೇಲೆ ಲಂಬಾಣಿ ತಾಂಡಾಗಳ ಮಹಿಳೆಯರು ಕನ್ನಡಿ ಕಸೂತಿಯ ಬಟ್ಟೆ ಹೊತ್ತು ಅಂಜುನಾದ ಬುಧವಾರದ ಸಂತೆಗೆ ಬಂದರು. ಘಟ್ಟದ ಮೇಲಿನವರೆಲ್ಲರಿಗೂ ಗೋವಾದಲ್ಲಿ ಒಂದೇ ಹೆಸರು, ‘ಘಾಟಿ’. ಅದನ್ನು ಹೇಳುವ ದನಿಯಲ್ಲಿ ಮರ್ಯಾದೆ ಕಡಿಮೆ. ಶಾಲೆಯ ಬೆಂಚಿನಲ್ಲೂ ಮಕ್ಕಳು ಆ ಹೆಸರು ಕೇಳಿಸಿಕೊಂಡೇ ಬೆಳೆದಿದ್ದಾರೆ.

ಇವರೆಲ್ಲ ವರ್ಷವಿಡೀ ಗೋವಾದಲ್ಲೇ ಇರುವವರಲ್ಲ. ಹಲವು ಕುಟುಂಬಗಳ ವರ್ಷ ಎರಡು ಹೋಳು. ಮಳೆ ಹತ್ತಿದೊಡನೆ ಗೋವಾದಲ್ಲಿ ಕಟ್ಟಡ ಕೆಲಸ ನಿಲ್ಲುತ್ತದೆ, ಕಡಲತೀರ ಖಾಲಿಯಾಗುತ್ತದೆ. ಅದೇ ಹೊತ್ತಿಗೆ ಊರಲ್ಲಿ ಬಿತ್ತನೆ ಕರೆಯುತ್ತದೆ. ದಸರಾ, ದೀಪಾವಳಿ ಕಳೆದ ಮೇಲೆ ಮತ್ತೆ ಗಂಟುಮೂಟೆ ಕಟ್ಟುವುದು. ಶಾಲೆಗಳು ಮಕ್ಕಳನ್ನು ಸೇರಿಸಿಕೊಳ್ಳುತ್ತ ಬಂದದ್ದು ಜೂನ್ ತಿಂಗಳಲ್ಲಿ. ಜೂನ್‌ನಲ್ಲಿ ಮಗು ಊರಲ್ಲಿರುತ್ತದೆ, ಹೆಸರು ಅಲ್ಲಿ ಹಚ್ಚುತ್ತಾರೆ. ನವೆಂಬರ್‌ನಲ್ಲಿ ಮಗು ಗೋವಾದಲ್ಲಿ, ಹಾಜರಿ ಪುಸ್ತಕ ಊರಲ್ಲಿ. ಎರಡು ರಾಜ್ಯಗಳ ಲೆಕ್ಕದಲ್ಲೂ ಆ ಮಗು ಶಾಲೆಯಲ್ಲಿಯೇ ಇದೆ ಎಂದು ತೋರಬಹುದು, ನಿಜದಲ್ಲಿ ಯಾವ ಶಾಲೆಯಲ್ಲೂ ಇಲ್ಲ.

ಸೀಟು ಇದೆ, ಮಗು ಇಲ್ಲ

ಕಾಯಿದೆಯ ಕಡೆಯಿಂದ ನೋಡಿದರೆ ದೊಡ್ಡ ಅಡ್ಡಿ ಏನೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಉಚಿತ ಪ್ರವೇಶ ಕೊಡಲೇಬೇಕು. ಜನನ ಪ್ರಮಾಣ ಪತ್ರ ಇಲ್ಲವೆಂದು ಮಗುವನ್ನು ಹೊರಗಿಡುವಂತಿಲ್ಲ. ವರ್ಗಾವಣೆ ಪತ್ರ (ಟಿ.ಸಿ.) ಬರುವುದು ತಡವಾಯಿತೆಂದೂ ನಿರಾಕರಿಸುವಂತಿಲ್ಲ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವ ಮಗುವಿಗೂ ಇದೇ ನಿಯಮ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎಂದೂ ಅದರಲ್ಲಿದೆ.

ಹಾಗಿದ್ದರೂ ಮಗು ಶಾಲೆಯ ಬಾಗಿಲು ದಾಟುವುದಿಲ್ಲ. ಮೊದಲನೆಯ ಕಾರಣ ಭಾಷೆ. ಗೋವಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಪಾಲು ಮರಾಠಿ ಮಾಧ್ಯಮ, ಉಳಿದವುಗಳಲ್ಲಿ ಹೆಚ್ಚಿನವು ಕೊಂಕಣಿ. 1990ರಿಂದ ಪ್ರಾದೇಶಿಕ ಭಾಷೆಯ ಪ್ರಾಥಮಿಕ ಶಾಲೆಗಳಿಗೆ ಮಾತ್ರ ಅನುದಾನ ಎಂಬ ನೀತಿ ಇತ್ತು. 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನ ಕೊಡುವ ನಿರ್ಧಾರವಾದಾಗ ರಾಜ್ಯವೇ ಎರಡು ಬಣವಾಗಿ ಜಗಳಾಡಿತು. ಆ ಜಗಳದಲ್ಲಿ ಕೊಂಕಣಿ, ಮರಾಠಿ, ಇಂಗ್ಲಿಷ್‌ಗೆ ವಕೀಲರಿದ್ದರು, ಕನ್ನಡದ ಮಗುವಿನ ಮಾತು ಬರಲೇ ಇಲ್ಲ. ಕನ್ನಡ ಮಾಧ್ಯಮದ ಶಾಲೆಗಳು ಬೆರಳೆಣಿಕೆಯಷ್ಟು. ಮಾಪ್ಸಾದ ಜೋಪಡಿಯ ಮಗುವಿಗೆ ಅವು ಇದ್ದೂ ಇಲ್ಲದಂತೆ.

ಕಾರವಾರ, ಜೋಯಿಡಾ, ಖಾನಾಪುರದ ಮಗುವಿಗೆ ಇದು ಅಷ್ಟು ಭಾರವಾಗದು. ಮನೆಯಲ್ಲಿ ಕೊಂಕಣಿಯೋ ಮರಾಠಿಯೋ ಕಿವಿಗೆ ಬಿದ್ದಿರುತ್ತದೆ. ಬಾದಾಮಿ, ಹುನಗುಂದ, ಇಂಡಿ ಕಡೆಯ ಮಗುವಿನ ಪಾಡು ಬೇರೆ. ಲಂಬಾಣಿ ಮಗುವಿಗಂತೂ ಮನೆಯ ಮಾತು ಒಂದು, ಊರ ಶಾಲೆಯ ಕನ್ನಡ ಇನ್ನೊಂದು, ಓಣಿಯ ಕೊಂಕಣಿ ಮತ್ತೊಂದು, ಹೊಸ ಶಾಲೆಯ ಮರಾಠಿ ಮಗದೊಂದು. ಕಡಲತೀರದಲ್ಲಿ ಇಂಗ್ಲಿಷಿನಲ್ಲಿ, ರಷ್ಯನ್ನಿನಲ್ಲಿ ಚೌಕಾಸಿ ಮಾಡುವ ಹತ್ತು ವರ್ಷದ ಹುಡುಗಿ ಯಾವ ಲಿಪಿಯಲ್ಲೂ ತನ್ನ ಹೆಸರು ಬರೆಯಲಾರಳು. ಪ್ರವಾಸಿಗರು ಅದನ್ನು ಜಾಣತನ ಎಂದು ಮೆಚ್ಚಿ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಎರಡನೆಯದು ಮನೆಯ ಪರಿಸ್ಥಿತಿ. ತಾಯಿ ಕೆಲಸಕ್ಕೆ ಹೋದರೆ ಕೈಕೂಸನ್ನು ನೋಡಿಕೊಳ್ಳುವವಳು ದೊಡ್ಡ ಮಗಳು. ನಳದಲ್ಲಿ ನೀರು ಬರುವ ಹೊತ್ತಿಗೆ ಕೊಡ ಹಿಡಿದು ನಿಲ್ಲುವವಳೂ ಅವಳೇ. ಮೇಲೆ ಅಂಗಿಯ ಕೊಳೆ, ತಲೆಯ ಹೇನು, ಕಾಲಿನ ಹುಣ್ಣು ನೋಡಿ ಬೆಂಚಿನ ಪಕ್ಕದ ಮಗು ಸರಿದು ಕೂತರೆ, ಮರುದಿನ ಆ ಹುಡುಗಿ ಶಾಲೆಗೆ ಹೋಗುವುದಿಲ್ಲ.

ಮ್ಯಾಂಗೊ ಹೌಸ್ ಕೈಹಾಕಿದ್ದು ಎಲ್ಲಿ?

ಚಿಲ್ಡ್ರನ್ ವಾಕಿಂಗ್ ಟಾಲ್ ಸಂಸ್ಥೆ ಕೈಹಾಕಿದ್ದು ಈ ಎರಡನೆಯ ಗಂಟಿಗೆ. ಮ್ಯಾಂಗೊ ಹೌಸ್ ಅನಾಥಾಶ್ರಮವಲ್ಲ. ಮಕ್ಕಳು ಹಗಲು ಬಂದು ಸಂಜೆ ತಂದೆ ತಾಯಿಯ ಬಳಿಗೆ ಮರಳುವ ಕೇಂದ್ರವಾಗಿ ಅದನ್ನು ರೂಪಿಸಲಾಯಿತು. ಇದು ಚಿಕ್ಕ ವಿಷಯವೆಂದು ತೋರಬಹುದು, ಹಾಗಲ್ಲ. ಬಡತನವಿದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬಿಡಿಸಿ ವಸತಿ ಗೃಹಕ್ಕೆ ಸೇರಿಸುವುದು ಬೇರೆ, ಮನೆಯಲ್ಲಿಟ್ಟುಕೊಂಡೇ ಓದಿಸಲು ತಾಯಿಗೆ ಹೆಗಲು ಕೊಡುವುದು ಬೇರೆ.

ಸ್ನಾನ, ಹೊಟ್ಟೆ ತುಂಬ ಊಟ, ಗಾಯಕ್ಕೆ ಔಷಧಿ, ಬೇಕಾದಲ್ಲಿ ಆಸ್ಪತ್ರೆ, ಆಟ, ಚಿತ್ರ ಬಿಡಿಸುವುದು, ಅಕ್ಷರ ಕಲಿಕೆ, ಶಾಲೆಗೆ ಹೆಸರು ಹಚ್ಚಿಸುವುದು, ಸಮವಸ್ತ್ರ ಮತ್ತು ಪುಸ್ತಕದ ವ್ಯವಸ್ಥೆ ಇವು ಅಲ್ಲಿನ ಕೆಲಸ. ಜೊತೆಗೆ ಜೋಪಡಿಗಳಿಗೇ ಹೋಗಿ ಕುಟುಂಬಗಳನ್ನು ಕಾಣುವುದು. ಬ್ರಿಟನ್ ಮುಂತಾದ ದೇಶಗಳಿಂದ ಸ್ವಯಂಸೇವಕರು ಕೆಲವು ತಿಂಗಳ ಮಟ್ಟಿಗೆ ಬಂದು ದುಡಿದರು, ಸ್ಥಳೀಯ ಸಿಬ್ಬಂದಿ ವರ್ಷವಿಡೀ ನಿಂತರು. ಹಣ ಬಂದದ್ದು ಬಹುತೇಕ ಅಲ್ಲಿನ ದಾನಿಗಳ ಚಿಕ್ಕ ಚಿಕ್ಕ ವಂತಿಗೆಯಿಂದ.

ಇದರಲ್ಲಿ ಬೆರಗುಗೊಳಿಸುವ ಶಿಕ್ಷಣ ಪದ್ಧತಿ ಏನೂ ಇಲ್ಲ. ಆದರೆ ಮೇಲೆ ಹೇಳಿದ ಹೇನು, ಹುಣ್ಣು, ಹಸಿವಿನ ಅಡ್ಡಿಗಳಿಗೆ ಶಾಲೆಯಲ್ಲಾಗಲಿ ಇಲಾಖೆಯಲ್ಲಾಗಲಿ ಒಬ್ಬ ನೌಕರನನ್ನು ನೇಮಿಸಿಲ್ಲ. ಮಧ್ಯಾಹ್ನದ ಊಟವಿದೆ, ಗೋವಾದಲ್ಲಿ ಮಹಿಳಾ ಸ್ವಸಹಾಯ ಗುಂಪುಗಳು ಅದನ್ನು ಶಾಲೆಗೆ ತಲುಪಿಸುತ್ತ ಬಂದವು, ಪಾವ್ ಭಾಜಿ ಅದರಲ್ಲಿ ಮಾಮೂಲು. ಆದರೆ ಆ ಊಟ ಶಾಲೆಗೆ ಬಂದ ಮಗುವಿಗೆ. ಶಾಲೆಗೆ ಬರುವ ತನಕದ ದಾರಿ ಯಾರ ಜವಾಬ್ದಾರಿ ಎಂಬಲ್ಲಿ ಸ್ವಯಂಸೇವಾ ಸಂಸ್ಥೆಗಳು ಕಾಲಿಟ್ಟವು.

ಮೊದಲನೆಯ ಗಂಟು, ಭಾಷೆಯದು, ಇಂಗ್ಲೆಂಡಿನಿಂದ ಬಂದವರ ಕೈಗೆ ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಮಗಳನ್ನು ಏಕೆ ಕಳಿಸುತ್ತಿಲ್ಲ ಎಂದು ತಾಯಿಯನ್ನು ಕನ್ನಡದಲ್ಲಿ ಕೇಳಿ, ಅವಳು ಹೇಳಿದ್ದನ್ನು ಶಾಲೆಯ ಬಾಯಿಯವರಿಗೆ ಕೊಂಕಣಿಯಲ್ಲೋ ಮರಾಠಿಯಲ್ಲೋ ತಿಳಿಸಬಲ್ಲ ವ್ಯಕ್ತಿ ಬೇಕು. ಅಂಥವರು ಮಾಪ್ಸಾದಲ್ಲಿ ವಿರಳ, ಗಡಿ ಭಾಗದಲ್ಲಿ ಮನೆಮನೆಯಲ್ಲಿದ್ದಾರೆ. ಮಾಜಾಳಿಯಿಂದ ಕಾಣಕೋಣಕ್ಕೆ, ಖಾನಾಪುರದಿಂದ ಮಾಪ್ಸಾಕ್ಕೆ ಕೆಲಸಕ್ಕೆ ಹೋಗುವ ಎರಡು ಭಾಷೆಯ ಯುವಕ ಯುವತಿಯರು ವಾರಕ್ಕೆ ಒಂದು ಸಂಜೆ ಕೊಟ್ಟರೂ ಅದು ಆರು ತಿಂಗಳು ಬಂದುಹೋಗುವ ಪರದೇಶದ ಪದವೀಧರನ ಕೆಲಸಕ್ಕಿಂತ ಕಡಿಮೆಯೇನಲ್ಲ.

ಬೈನಾ: ಮನೆ ಹೋದರೆ ಶಾಲೆಯೂ ಹೋಗುತ್ತದೆ

ವಾಸ್ಕೊದ ಬೈನಾ ಕಡಲತೀರದ ಗುಡಿಸಲುಗಳು ವೇಶ್ಯಾವಾಟಿಕೆಯ ಹೆಸರಲ್ಲಿ ಕುಖ್ಯಾತವಾಗಿದ್ದವು. ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಕರ್ನಾಟಕ ಮತ್ತು ಆಂಧ್ರದವರು. ಹೈಕೋರ್ಟಿನ ಗೋವಾ ಪೀಠ 2003ರಲ್ಲಿ ಕೊಟ್ಟ ಆದೇಶದ ಮೇರೆಗೆ 2004ರ ಜೂನ್ 14ರಂದು ಆ ಬಸ್ತಿಯನ್ನು ಕೆಡವಲಾಯಿತು. ಅದು ಮಳೆಗಾಲದ ಆರಂಭ, ಶಾಲೆಗಳು ತೆರೆದ ಕಾಲ. ಆ ವೃತ್ತಿಗೆ ಸಂಬಂಧವಿಲ್ಲದ ಕೂಲಿ ಕುಟುಂಬಗಳ ಮನೆಗಳೂ ನೆಲಸಮವಾದವು. 2015ರಲ್ಲಿ ಬೈನಾದಲ್ಲಿ ಮತ್ತೆ ತೆರವು ನಡೆಯಿತು. ಆಗಲೂ ಮನೆ ಕಳೆದುಕೊಂಡವರಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದರು.

ತೆರವು ಸರಿಯೋ ತಪ್ಪೋ ಎಂಬ ವಾದ ಬೇರೆ. ಜೋಪಡಿ ಹೋದಾಗ ಮಗುವಿನ ಪುಸ್ತಕ, ಟಿ.ಸಿ., ರೇಷನ್ ಕಾರ್ಡು, ಪಕ್ಕದ ಓಣಿಯ ಶಾಲೆ ಎಲ್ಲ ಒಂದೇ ದಿನ ಹೋಗುತ್ತವೆ. ಪುನರ್ವಸತಿಯ ಚರ್ಚೆಯಲ್ಲಿ ಮನೆಯ ಲೆಕ್ಕ ಬರುತ್ತದೆ, ಹಾಜರಿ ಪುಸ್ತಕದ ಲೆಕ್ಕ ಬರುವುದಿಲ್ಲ.

ಒಳ್ಳೆಯವರನ್ನು ಗುರುತಿಸುವುದು ಹೇಗೆ?

ಮಕ್ಕಳ ಸೇವೆ ಎಂಬ ಫಲಕ ಕಂಡೊಡನೆ ಕೈಮುಗಿಯುವ ಕಾಲ ಗೋವಾದಲ್ಲಿ 1990ರ ದಶಕದಲ್ಲೇ ಮುಗಿಯಿತು. ಮಡಗಾಂವದಲ್ಲಿ ‘ಗುರುಕುಲ’ ಎಂಬ ಹೆಸರಿನಲ್ಲಿ ಬಡ ಹುಡುಗರ ಆಶ್ರಮ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್ 1991ರಲ್ಲಿ ಬಂಧಿತನಾದ. ಆಶ್ರಯದ ಹೆಸರಲ್ಲಿ ಮಕ್ಕಳನ್ನು ವಿದೇಶಿಯರ ಲೈಂಗಿಕ ಶೋಷಣೆಗೆ ಒಪ್ಪಿಸಿದ ಆ ಪ್ರಕರಣದಲ್ಲಿ 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅದುವರೆಗೆ ನೆರೆಹೊರೆಯಲ್ಲಿ ಅವನಿಗೆ ಸಮಾಜ ಸೇವಕ ಎಂಬ ಹೆಸರಿತ್ತು.

ಮಕ್ಕಳಿಗೆಂದೇ ಪ್ರತ್ಯೇಕ ಕಾಯಿದೆ ಬೇಕೆಂಬ ಒತ್ತಡಕ್ಕೆ ಇಂಥ ಪ್ರಕರಣಗಳು ಬಲ ಕೊಟ್ಟವು. 2003ರ ಗೋವಾ ಮಕ್ಕಳ ಕಾಯಿದೆ ಹಾಗೆ ಬಂದದ್ದು. ಸ್ವಂತ ಕುಟುಂಬದವರು ಅಥವಾ ರಕ್ತಸಂಬಂಧಿಗಳ ಜೊತೆಗಲ್ಲದೆ ಮಗುವನ್ನು ಹೋಟೆಲ್ ಕೋಣೆಗೆ ಬಿಡುವಂತಿಲ್ಲ. ಮಕ್ಕಳ ಅಶ್ಲೀಲ ಚಿತ್ರ ಕೈಗೆ ಬಂದರೆ ಫೋಟೊ ಸ್ಟುಡಿಯೋದವರು ಪೊಲೀಸರಿಗೆ ತಿಳಿಸಬೇಕು. ಇಂಥ ಪ್ರಕರಣಗಳಿಗೆಂದು ಪಣಜಿಯಲ್ಲಿ ಮಕ್ಕಳ ನ್ಯಾಯಾಲಯವೂ ಸ್ಥಾಪನೆಯಾಯಿತು.

ಹಾಗಾಗಿ ಮಗುವನ್ನು ಯಾವುದಾದರೂ ಸಂಸ್ಥೆಗೆ ಕಳಿಸುವ ಮುನ್ನ ತಂದೆ ತಾಯಿ ನಾಲ್ಕು ಪ್ರಶ್ನೆ ಕೇಳುವುದು ಅವಮಾನವಲ್ಲ. ರಾತ್ರಿ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ 2015ರ ಬಾಲನ್ಯಾಯ ಕಾಯಿದೆಯಡಿ ನೋಂದಣಿಯಾಗಿರಲೇಬೇಕು. ಪ್ರಮಾಣ ಪತ್ರ ತೋರಿಸಿ ಎನ್ನಬಹುದು. ತಂದೆ ತಾಯಿ ಕೇಳಿದಾಗ ಒಳಗೆ ಬಿಡುತ್ತಾರೆಯೇ? ಹೊಸ ಸ್ವಯಂಸೇವಕ ಮಗುವಿನೊಡನೆ ಒಬ್ಬನೇ ಇರುತ್ತಾನೆಯೇ, ಅವನ ಪೂರ್ವಾಪರ ಯಾರು ನೋಡಿದ್ದಾರೆ? ಮಗುವಿನ ಫೋಟೊ ಎಲ್ಲಿ ಹಾಕುತ್ತಾರೆ? ಉತ್ತರ ಕೊಡಲು ಬೇಸರ ಪಡುವ ಕಡೆಯಿಂದ ಮಗುವನ್ನು ಹಿಂದಕ್ಕೆ ಕರೆತರುವುದು ಮೇಲು.

ಹಣ ನಿಂತಾಗ

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಕಡಲತೀರವೂ ಕಟ್ಟಡ ಕೆಲಸವೂ ಒಟ್ಟಿಗೆ ನಿಂತವು. ಕೂಲಿ ಕುಟುಂಬಗಳು ಊರ ದಾರಿ ಹಿಡಿದವು, ಪರದೇಶದ ಸ್ವಯಂಸೇವಕರು ತಮ್ಮ ದೇಶಕ್ಕೆ ಹೋದರು. ಶಾಲೆ ಮೊಬೈಲಿಗೆ ಬಂದಿತು. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯಿದೆಗೆ ತಿದ್ದುಪಡಿಯಾಯಿತು. ವಿದೇಶದ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಅದನ್ನು ಇನ್ನೊಂದಕ್ಕೆ ಹಂಚುವಂತಿಲ್ಲ, ಆಡಳಿತ ವೆಚ್ಚ ಶೇಕಡಾ 50ರ ಬದಲು 20ನ್ನು ಮೀರುವಂತಿಲ್ಲ. ದುರುಪಯೋಗ ತಡೆಯಲು ಇದು ಬೇಕು ಎಂದು ಸರ್ಕಾರ ಹೇಳಿತು. ದೊಡ್ಡ ಸಂಸ್ಥೆಗಳು ಲೆಕ್ಕ ಪರಿಶೋಧಕರನ್ನು ಇಟ್ಟುಕೊಂಡು ಹೊಂದಿಕೊಳ್ಳಬಲ್ಲವು. ಹತ್ತಿಪ್ಪತ್ತು ಸಿಬ್ಬಂದಿಯ ಸಂಸ್ಥೆಗೆ ಅದು ಸುಲಭವಲ್ಲ. ಲಂಡನ್ನಿನ ದಾನಿಯೊಬ್ಬನ ಮೇಲೆ ನಿಂತ ಮಗುವಿನ ಓದು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಆಗ ಕಂಡಿತು.

ಪ್ರೌಢಶಾಲೆ ದಾಟಿದ ಮೇಲೆ

ಪ್ರಾಥಮಿಕ ಹಂತ ದಾಟಿದವರಿಗೆ ಮುಂದೊಂದು ಗೋಡೆ ಕಾದಿದೆ, ಜಾತಿ ಪ್ರಮಾಣ ಪತ್ರ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಗೋವಾದ ಪಟ್ಟಿಯಲ್ಲಿ ಇಲ್ಲ. ಈ ಪಟ್ಟಿಗಳು ರಾಜ್ಯವಾರು. ಒಂದು ರಾಜ್ಯದ ಮೀಸಲಾತಿಯನ್ನು ವಲಸೆ ಹೋದವರು ಇನ್ನೊಂದು ರಾಜ್ಯದಲ್ಲಿ ಕೇಳಲಾಗದೆಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಹೀಗಾಗಿ ಮಾಪ್ಸಾದಲ್ಲೇ ಹುಟ್ಟಿ ಬೆಳೆದ ತಾಂಡಾದ ಹುಡುಗ ಹತ್ತನೆಯ ತರಗತಿ ಪಾಸಾದರೂ ಅಲ್ಲಿನ ಕಾಲೇಜಿನಲ್ಲಿ ಅವನದು ಸಾಮಾನ್ಯ ವರ್ಗ. ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿ ವೇತನವನ್ನು ಮಾತ್ರ ಮೂಲ ರಾಜ್ಯದ ಮೂಲಕ ಕೇಳಲು ಅವಕಾಶವಿದೆ, ಅದಕ್ಕೆ ಊರಿನ ತಹಶೀಲ್ದಾರ್ ಕಚೇರಿಯ ಪತ್ರ ಬೇಕು. ಆ ಪತ್ರಕ್ಕಾಗಿ ತಂದೆ ಎರಡು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಕಾಲೇಜಿನ ಶುಲ್ಕ ತುಂಬುವ ದಾನಿಗಳು ಸಿಗುತ್ತಾರೆ. ಈ ಪತ್ರದ ಹಿಂದೆ ಓಡಾಡುವವರು ಸಿಗುವುದು ಕಷ್ಟ.

ವಯಸ್ಸು ಮೀರಿ ಶಾಲೆ ತಪ್ಪಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಪರೀಕ್ಷೆ ಕಟ್ಟಬಹುದು. ಕೆಲಸ ಮಾಡುತ್ತಲೇ ಓದುವವರಿಗೆ ಇದೊಂದು ದಾರಿ.

ಊರು ಬಿಡುವ ಮುನ್ನ

ಕೂಲಿಗೆ ಹೊರಡುವ ಕುಟುಂಬ ಪಾತ್ರೆ, ಹಾಸಿಗೆ ಕಟ್ಟುವಾಗ ಮಗುವಿನ ಕಾಗದವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರೆ ಅರ್ಧ ಓಡಾಟ ತಪ್ಪುತ್ತದೆ. ಜನನ ಪ್ರಮಾಣ ಪತ್ರ ಇದ್ದರೆ ಅದು. ಇಲ್ಲದಿದ್ದರೆ ಅಂಗನವಾಡಿಯ ದಾಖಲೆ, ಆಸ್ಪತ್ರೆ ಅಥವಾ ನರ್ಸಮ್ಮನ ರಿಜಿಸ್ಟರಿನ ನಕಲು, ಅದೂ ಇಲ್ಲದಿದ್ದರೆ ತಂದೆ ತಾಯಿಯ ಘೋಷಣೆ. ಊರ ಶಾಲೆಯ ಮುಖ್ಯೋಪಾಧ್ಯಾಯರು ಕೇಳಿದ ಕೂಡಲೇ ಟಿ.ಸಿ. ಕೊಡಬೇಕು, ‘ಪರೀಕ್ಷೆ ಆದ ಮೇಲೆ ಬನ್ನಿ’ ಎನ್ನಲು ಕಾಯಿದೆಯಲ್ಲಿ ಅವಕಾಶವಿಲ್ಲ. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ ಎಂದು 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದೆ. ಲಸಿಕೆಯ ತಾಯಿ ಕಾರ್ಡನ್ನು ಮಾತ್ರ ಮರೆಯದೆ ಒಯ್ಯಬೇಕು.

ಅಜ್ಜ ಅಜ್ಜಿ ಊರಲ್ಲಿ ಗಟ್ಟಿಯಾಗಿದ್ದರೆ, ಹತ್ತಿರದಲ್ಲಿ ಸರ್ಕಾರಿ ಹಾಸ್ಟೆಲ್ ಇದ್ದರೆ ಮಗುವನ್ನು ಅಲ್ಲೇ ಬಿಡುವುದು ಒಳಿತೋ, ಜೊತೆಗೆ ಒಯ್ಯುವುದು ಒಳಿತೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒಯ್ದರೆ ಮೊದಲ ವಾರದಲ್ಲೇ ನೆರೆಯ ಶಾಲೆಗೆ ಹೋಗಿ ಹೆಸರು ಹಚ್ಚುವುದು, ಮಧ್ಯದಲ್ಲಿ ಬಂದೆವೆಂದು ಹಿಂಜರಿಯದಿರುವುದು ಮುಖ್ಯ. ವರ್ಷದ ಯಾವ ತಿಂಗಳಲ್ಲಿ ಬಂದರೂ ಸೇರಿಸಿಕೊಳ್ಳಬೇಕೆಂಬುದು ಕಾಯಿದೆ. ಶಾಲೆ ಸೇರಿಸಿಕೊಳ್ಳದಿದ್ದರೆ ಲಿಖಿತ ಕಾರಣ ಕೇಳಿ, ತಾಲೂಕು ಕೇಂದ್ರದಲ್ಲಿರುವ ಶಿಕ್ಷಣ ಇಲಾಖೆಯ ಕಚೇರಿಗೆ ದೂರು ಕೊಡಬಹುದು. ಮಗು ಕಾಣೆಯಾದರೆ, ಯಾರಾದರೂ ದುಡಿಮೆಗೆ ಹಚ್ಚಿದರೆ, ತೊಂದರೆ ಕೊಟ್ಟರೆ 1098ಕ್ಕೆ ಕರೆ ಮಾಡಬೇಕು. ಗೋವಾದಲ್ಲೂ ಕರ್ನಾಟಕದಲ್ಲೂ ಸಂಖ್ಯೆ ಇದೇ, ಕರೆಗೆ ಹಣವಿಲ್ಲ.